ತೊಂಬತ್ತೇಳರ ಹನ್ನೊಂದು ಜನ

ನಡುಬೆಂಗ್ರೆ ಫುಟ್ಬಾಲ್ ಕ್ಲಬ್ಬಿನ ಮೈಕು ಹದಿನಾಲ್ಕು ವರ್ಷ ನನ್ನ ಕೈಯಲ್ಲೇ ಇತ್ತು. ಆಡಲು ಬಾರದವನಿಗೆ ಮಾತಾಡಲು ಕೊಟ್ಟಿದ್ದಾರೆ ಎಂದು ನನ್ನ ಅಕ್ಕ ಸುಗುಣ ಹೇಳುವುದುಂಟು. ಅವಳು ಹಾಗೆಂದಾಗಲೆಲ್ಲ ನನಗೆ ಮೈಯೆಲ್ಲ ಉರಿಯುತ್ತದೆ, ಯಾಕೆಂದರೆ ಅದು ನಿಜ. ಆರು ವರ್ಷ ನಾನು ಆ ಕ್ಲಬ್ಬಿನ ಆಟಗಾರ, ಆರೂ ವರ್ಷ ಗೆರೆಯ ಆಚೆ ಕೂತಿದ್ದವನು. ಯಾರಿಗಾದರೂ ಕಾಲು ಉಳುಕಲಿ ಎಂದು ಒಳಗೊಳಗೇ ಹಾರೈಸುತ್ತ, ಬಾಯಲ್ಲಿ ಮಾತ್ರ ಜೈಕಾರ ಹಾಕುತ್ತ ಕೂತವನು. ನನ್ನ ಹೆಸರು ಚಂದಯ್ಯ.

ನಮ್ಮ ಊರು ಕುಂದಾಪುರಕ್ಕೂ ಬೈಂದೂರಿಗೂ ನಡುವೆ, ಒಂದು ಕಡೆ ಹೊಳೆ, ಇನ್ನೊಂದು ಕಡೆ ಸಮುದ್ರ ಇರುವ ಉದ್ದನೆಯ ಮರಳಿನ ಪಟ್ಟಿ. ಹೊಳೆ ಸಮುದ್ರ ಸೇರುವ ಅಳಿವೆಯ ಆಚೆ ಕಿರುಕೋಡಿ. ಎರಡೂ ಮೀನುಗಾರರ ಊರು, ಹೆಣ್ಣು ಕೊಟ್ಟು ತಂದುಕೊಂಡ ಊರು. ಚೌತಿ ಕಳೆದ ಎರಡನೆಯ ಭಾನುವಾರ ಚೌತಿ ಕಪ್ಪಿನ ಫೈನಲ್ ಎಂದರೆ ಹೆಚ್ಚು ಕಡಿಮೆ ನಾವು ಮತ್ತು ಅವರೇ. ಆ ಕಪ್ಪನ್ನು ನಾವು ಗೆದ್ದದ್ದು ಒಂದೇ ಸಲ, ಸಾವಿರದ ಒಂಬೈನೂರ ತೊಂಬತ್ತೇಳರಲ್ಲಿ.

ಆ ಕಥೆಯನ್ನು ವರ್ಷಾ ವರ್ಷ ಮೈಕಿನಲ್ಲಿ ಹೇಳುತ್ತಿದ್ದವನು ನಾನು. ಎರಡು ಗೋಲು ಹಿಂದಿದ್ದೆವು, ಇಪ್ಪತ್ತು ನಿಮಿಷ ಉಳಿದಿತ್ತು, ಹಿಂದೆ ಒಬ್ಬನೂ ನಿಲ್ಲಲಿಲ್ಲ, ಗೋಲ್ ಕಾಯುವವನನ್ನು ಬಿಟ್ಟು ಹತ್ತೂ ಜನ ಮುಂದೆ ನುಗ್ಗಿದರು, ಮೂರು ಗೋಲು, ಮೂರೂ ನಮ್ಮ ಐತನದು. ಇಷ್ಟನ್ನು ಉಪ್ಪು ಖಾರ ಹಚ್ಚಿ ಇಪ್ಪತ್ತು ನಿಮಿಷ ಹೇಳಬಲ್ಲೆ. ಕೇಳುವವರ ರೋಮ ನಿಲ್ಲುವುದನ್ನು ನಾನೇ ಕಂಡಿದ್ದೇನೆ.

ಬರೀ ಕಥೆ ಹೇಳಿ ಸುಮ್ಮನಿದ್ದರೆ ಏನೂ ಆಗುತ್ತಿರಲಿಲ್ಲ. ನಾನು ಆಡುವ ಹುಡುಗರನ್ನು ಅದಕ್ಕೆ ಹಚ್ಚಿ ಅಳೆಯುತ್ತಿದ್ದೆ. ಚೆಂಡು ಕಂಬಕ್ಕೆ ಬಡಿದರೆ ಸಾಕು, ಐತ ಆಗಿದ್ದರೆ ಕಣ್ಣು ಮುಚ್ಚಿಕೊಂಡು ಹೊಡೆಯುತ್ತಿದ್ದ ಎನ್ನುತ್ತಿದ್ದೆ. ಯಾರಾದರೂ ಓಡಲಾರದೆ ನಿಂತರೆ, ಅದೇ ತಂಡದ ಪದ್ದು ಜ್ವರ ಬಂದಾಗಲೂ ಇದಕ್ಕಿಂತ ಜೋರಾಗಿ ಓಡುತ್ತಿದ್ದ ಎನ್ನುತ್ತಿದ್ದೆ. ಜನ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಒಮ್ಮೆ ನನ್ನ ಮಾತು ಕೇಳಿ ಒಬ್ಬ ಹುಡುಗ ಪಂದ್ಯದ ಮಧ್ಯೆಯೇ ಬೂಟು ಬಿಚ್ಚಿ ಮನೆಗೆ ಹೋದ, ಮತ್ತೆ ಅವನು ಮೈದಾನಕ್ಕೆ ಬರಲಿಲ್ಲ. ಅವತ್ತು ಕೂಡ ನಾನು ನಕ್ಕೆ.

ಈಗ ತೊಂಬತ್ತೇಳರಲ್ಲಿ ನಿಜವಾಗಿ ನಡೆದದ್ದೇನು ಎಂದು ಹೇಳುತ್ತೇನೆ.

ಫೈನಲ್ ಕಿರುಕೋಡಿಯಲ್ಲೇ ಇತ್ತು, ಸಮುದ್ರದ ದಡಕ್ಕೆ ತಾಗಿಕೊಂಡ ಅವರ ಮೈದಾನದಲ್ಲಿ. ಆಗ ಅವರಲ್ಲಿ ಇನ್ನೂ ರಂಪಣಿ ಉಳಿದಿತ್ತು. ರಂಪಣಿ ಎಂದರೆ ಊರಿನಷ್ಟು ಜನ ದಡದಲ್ಲಿ ನಿಂತು ಹಗ್ಗ ಹಿಡಿದು ಎಳೆಯುವ ಬಲೆ. ಮಳೆಗಾಲ ಹಿಂದಾಗುವ ಹೊತ್ತಿಗೆ ಬಂಗಡೆಯ ಹಿಂಡು ದಡಕ್ಕೆ ಬರುತ್ತದೆ. ಅದನ್ನು ಯಾರು ಕಂಡರೂ, ಯಾವ ಊರಿನವನಾದರೂ, ತಲೆಗೆ ಸುತ್ತಿದ ಬೈರಾಸು, ಅಂದರೆ ಟವೆಲು, ಬಿಚ್ಚಿ ಎತ್ತರದಲ್ಲಿ ನಿಂತು ಬೀಸಬೇಕು. ಬೀಸಿದ್ದು ಕಂಡ ಮೇಲೆ ಬಲೆಯಲ್ಲಿ ಪಾಲು ಇದ್ದವನು ಬೀಸಿದ್ದು ಯಾರು, ಏನು ಎಂದು ಕೇಳದೆ ಓಡಬೇಕು. ಮದುವೆ ಊಟದ ಎಲೆಯಿಂದ ಎದ್ದು ಓಡಿದವರನ್ನು ನಾನು ಕಂಡಿದ್ದೇನೆ.

ಬೀಸುವವನಿಗೂ ಒಂದು ಕಟ್ಟಳೆ ಇದೆ. ನೀರು ಕಪ್ಪಾಯಿತು ಎಂದೊಡನೆ ಬೀಸಬಾರದು, ಮೋಡದ ನೆರಳೂ ಕಪ್ಪಗೇ ಇರುತ್ತದೆ. ಮೂರು ತೆರೆ ಎಣಿಸಬೇಕು. ನೆರಳಾದರೆ ಅಷ್ಟರಲ್ಲಿ ಗಾಳಿಯ ಜೊತೆ ಸರಿದುಹೋಗುತ್ತದೆ, ಮೀನಾದರೆ ಇದ್ದಲ್ಲೇ ಕುದಿಯುತ್ತದೆ. ನಾಲ್ಕು ವರ್ಷದ ಮಗುವಾಗಿದ್ದಾಗಲೇ ನನ್ನ ಅಪ್ಪಯ್ಯ ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಇದನ್ನು ಕಲಿಸಿದ್ದರು.

ನಾವು ಎರಡು ಗೋಲು ಹಿಂದಿದ್ದೆವು. ನನಗೆ ಕೂತಲ್ಲಿ ಕೂರಲಾಗಲಿಲ್ಲ. ಎದ್ದು ಮೈದಾನದ ಹಿಂದಿನ ಮರಳ ದಿಬ್ಬದ ಕಡೆ ಹೋದೆ. ಸಮುದ್ರ ಒಂದು ಕಡೆ ಕಪ್ಪಗಿತ್ತು. ಒಂದು ತೆರೆ ಎಣಿಸಿದೆ. ಎರಡನೆಯದನ್ನು ಎಣಿಸಲು ಮನಸ್ಸು ಬರಲಿಲ್ಲ, ಎಣಿಸಿದ್ದರೆ ಅದು ನೆರಳೆಂದು ಗೊತ್ತಾಗಿಬಿಡುತ್ತಿತ್ತು. ಬೈರಾಸು ಬಿಚ್ಚಿ ಬೀಸಿದೆ. ಬೀಸಿ, ಎಳೆದಿಟ್ಟ ದೋಣಿಗಳ ಮರೆಯಿಂದ ಸುತ್ತಿಕೊಂಡು ಬಂದು ನನ್ನ ಜಾಗದಲ್ಲಿ ಕೂತೆ.

ಕಿರುಕೋಡಿಯ ತಂಡದಲ್ಲಿ ಬಲೆಯ ಪಾಲಿನವರು ನಾಲ್ಕು ಜನ ಇದ್ದರು. ನಾಲ್ಕೂ ಜನ ಆಟ ಬಿಟ್ಟು ಓಡಿದರು. ಅವರಲ್ಲಿ ಮುತ್ತ ಎಂಬವನು ಅವರ ರಕ್ಷಣೆಯ ಗೋಡೆ, ಐತನನ್ನು ಆ ದಿನ ಒಂದು ಹೆಜ್ಜೆ ಮುಂದಿಡಲು ಬಿಟ್ಟಿರಲಿಲ್ಲ. ಅವನ ಅಪ್ಪ ಬಚ್ಚನೇ ರಂಪಣಿಯ ತಂಡೇಲ, ಬಲೆ ಯಾವಾಗ, ಎಲ್ಲಿ ಹಾಕಬೇಕೆಂದು ಹೇಳುವ ಯಜಮಾನ. ಸಾಲಿಗ್ರಾಮದಿಂದ ಬಂದಿದ್ದ ರೆಫ್ರಿ ಗಡಿಯಾರ ನೋಡಿಕೊಂಡು ಹತ್ತು ನಿಮಿಷ ಕಾದರು. ಏಳು ಜನ ಇದ್ದರೆ ಆಟ ನಡೆಸಬಹುದು ಎಂದು ಸೀಟಿ ಊದಿದರು. ಐತ ಮೂರು ಗೋಲು ಹೊಡೆದ. ಕಿರುಕೋಡಿಯವರು ಕತ್ತಲಾಗುವವರೆಗೆ ಬಲೆ ಎಳೆದರು, ಬಂದದ್ದು ತಿನ್ನಲು ಬಾರದ ಒಂದಿಷ್ಟು ಅಂಬಲಿಮೀನು ಮತ್ತು ಕಸ.

ಎದುರಿಗೆ ಇದ್ದದ್ದು ಏಳೇ ಜನ ಎಂಬುದು ಅವತ್ತು ನೋಡಿದ ಎಲ್ಲರಿಗೂ ಗೊತ್ತಿತ್ತು. ಮೊದಲೆರಡು ವರ್ಷ ಮೈಕಿನಲ್ಲಿ ಅದನ್ನೂ ಹೇಳುತ್ತಿದ್ದೆ. ಆಮೇಲೆ ಬೇಗ ಬೇಗ ಹೇಳಿ ದಾಟಿಸಿದೆ. ಮತ್ತೆ ಬಿಟ್ಟೇಬಿಟ್ಟೆ. ಯಾರೂ ಯಾಕೆ ಬಿಟ್ಟೆ ಎಂದು ಕೇಳಲಿಲ್ಲ. ಆಡಿದ ಹನ್ನೊಂದು ಜನರೂ ಅದನ್ನು ಖುಷಿಯಿಂದ ಮರೆತರು, ಕಿರುಕೋಡಿಯವರು ಖಾಲಿ ಬಲೆಯ ನಾಚಿಕೆಗೆ ಬಾಯಿ ಬಿಡಲಿಲ್ಲ. ಹೊಸ ಹುಡುಗರಿಗೆ ಸಿಕ್ಕಿದ್ದು ನನ್ನ ಕಥೆ ಮಾತ್ರ. ಬೈರಾಸು ಬೀಸಿದವರು ಯಾರೆಂಬುದು ನನಗೊಬ್ಬನಿಗೇ ಗೊತ್ತಿತ್ತು.

ಎರಡು ಸಾವಿರದ ಹನ್ನೊಂದರಲ್ಲಿ ಮತ್ತೆ ಫೈನಲ್, ಮತ್ತೆ ಕಿರುಕೋಡಿ, ಈ ಸಲ ನಮ್ಮ ಮೈದಾನದಲ್ಲಿ. ನಮ್ಮ ತಂಡದ ನಾಯಕ ಕೀರ್ತನ್, ನನ್ನ ಅಕ್ಕ ಸುಗುಣಳ ಮಗ. ಇಪ್ಪತ್ತೊಂದು ವರ್ಷ, ಬೆಳಗ್ಗೆ ದೋಣಿಗೆ ಹೋಗಿ ಸಂಜೆ ಆಡುವವನು. ಮಾತು ಕಡಿಮೆ. ನನ್ನ ಹಾಗೆ ಅಲ್ಲ.

ಶನಿವಾರ ಸಂಜೆ ಕ್ಲಬ್ಬಿನ ಅಧ್ಯಕ್ಷ ರಾಜೇಂದ್ರ ಹುಡುಗರನ್ನು ಕರೆಸಿದ. ಅವನು ತೊಂಬತ್ತೇಳರ ತಂಡದ ನಾಯಕ, ಈಗ ಐಸ್ ಫ್ಯಾಕ್ಟರಿಯ ಯಜಮಾನ. ಕ್ಲಬ್ಬಿನ ಗೋಡೆಯ ಮೇಲೆ ತೊಂಬತ್ತೇಳರ ಹನ್ನೊಂದು ಜನರ ಫೋಟೊ ಇದೆ. ಅದರ ಕೆಳಗೆ ಹುಡುಗರನ್ನು ಸಾಲಾಗಿ ನಿಲ್ಲಿಸಿ ಒಬ್ಬೊಬ್ಬರನ್ನೇ ಫೋಟೊದವರಿಗೆ ಹೋಲಿಸಿದ. ಮುಂದೆ ಆಡುವ ಜಿತೇಂದ್ರನನ್ನು ತೋರಿಸಿ, ಇವನಿಗೂ ಪದ್ದುವಿಗೂ ಏನು ಸಂಬಂಧ ಎಂದ. ಕೀರ್ತನ್ ಎದುರು ನಿಂತು, ನೀನು ನನ್ನ ಜಾಗದಲ್ಲಿ ಇದ್ದೀಯ, ಗೊತ್ತಿದೆಯಾ ಎಂದ. ಆಮೇಲೆ ಹೇಳಬೇಕಾದ್ದನ್ನು ಹೇಳಿದ. ನಾಳೆ ಸೋತರೆ ಬರುವ ವರ್ಷದಿಂದ ಮಂಗಳೂರು ಕಡೆಯಿಂದ ಆಟಗಾರರನ್ನು ತರಿಸುವುದು, ಹನ್ನೊಂದೂ ಜನ ಹೊರಗಿನವರೇ. ಊರಿನ ಹುಡುಗರು ಬೇಕಾದರೆ ಗೆರೆಯ ಹೊರಗೆ ಕೂತು ಚಪ್ಪಾಳೆ ತಟ್ಟಲಿ. ಹೇಳಿ ಮುಗಿಸಿ ನನ್ನ ಕಡೆ ತಿರುಗಿದ.

"ತೊಂಬತ್ತೇಳರ್ ಟೀಮ್ ಅಂದ್ರೆ ಟೀಮ್. ಅಲ್ದಾ ಚಂದಯ್ಯ?"

ಹೌದು ಎಂದೆ. ಹುಡುಗರ ಮುಖ ನೋಡದೆ ಹೇಳಿದೆ.

ಮನೆಗೆ ಹೋಗುವಾಗ ಕೀರ್ತನ್ ನನ್ನ ಜೊತೆ ಬಂದ. ದೋಣಿಗಳ ಸಾಲು ದಾಟಿದೆವು. ಆಮೇಲೆ ನಿಂತು ಕೇಳಿದ.

"ಮಾಮ, ಇಪ್ಪತ್ತ್ ನಿಮಿಷದಂಗೆ ಮೂರ್ ಗೋಲ್ ಹ್ಯಾಂಗ್ ಹೊಡ್ದ್ರಿ? ಹಿಂದೆ ಯಾರೂ ನಿಲ್ದೆ ಇದ್ರೆ ಅವ್ರ್ ಹೊಡಿಲಿಲ್ಲ್ಯಾ?"

ಅವನು ನಿಜವಾಗಿಯೂ ತಿಳಿದುಕೊಳ್ಳಲು ಕೇಳಿದ್ದ. ಹದಿನಾಲ್ಕು ವರ್ಷದಲ್ಲಿ ಒಬ್ಬನೇ ಒಬ್ಬ ಸರಿಯಾದ ಪ್ರಶ್ನೆ ಕೇಳಿದ್ದ. ನಾನು ಮೈಕಿನ ಮಾತನ್ನೇ ಹೇಳಿದೆ. ಧೈರ್ಯ, ಒಗ್ಗಟ್ಟು, ನುಗ್ಗಿದರೆ ಎದುರಿನವರು ಕಂಗಾಲಾಗುತ್ತಾರೆ ಎಂದೆ. ನಾಲಿಗೆಗೆ ಅದೇ ಅಭ್ಯಾಸವಾಗಿತ್ತು. ಅವನು ತಲೆಯಾಡಿಸಿ, ಹಾಗಾದರೆ ನಾವೂ ಹಾಗೇ ಮಾಡುತ್ತೇವೆ ಎಂದ. ನಾನು ಅವನನ್ನು ಬೇಗ ಮಲಗು ಎಂದು ಮನೆಗೆ ಕಳಿಸಿದೆ.

ಭಾನುವಾರ ಮೂರೂವರೆಗೆ ಆಟ ಶುರುವಾಯಿತು. ಬೆಳಗ್ಗೆ ಬಂದ ಮಳೆಗೆ ಮರಳು ಗಟ್ಟಿಯಾಗಿತ್ತು. ಕಿರುಕೋಡಿಯವರು ದೋಣಿ ತುಂಬಿಕೊಂಡು ಬಂದು ಬಡಗು ದಿಕ್ಕಿನಲ್ಲಿ ಗುಂಪಾಗಿ ನಿಂತಿದ್ದರು. ಅವರ ಮಧ್ಯೆ ಮುತ್ತನೂ ಇದ್ದ, ತಲೆ ಅರ್ಧ ನರೆತಿತ್ತು. ತೊಂಬತ್ತೇಳರ ನಂತರ ಅವನು ಚೆಂಡು ಮುಟ್ಟಿದ್ದನ್ನು ನಾನು ಕಂಡಿಲ್ಲ, ಪಂದ್ಯ ನೋಡಲು ಬಂದದ್ದೂ ಅಪರೂಪವೇ.

ನಮ್ಮ ಕಡೆ ಐತ ಕೊಡೆ ಹಿಡಿದು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದ. ಐದು ವರ್ಷದ ಹಿಂದೆ ಬೋಟಿನಲ್ಲಿ ಬಲೆ ಎಳೆಯುವಾಗ ಕಬ್ಬಿಣದ ಹಗ್ಗ ತುಂಡಾಗಿ ಅವನ ಎಡಗಾಲಿಗೆ ಬಡಿದಿತ್ತು. ಕಾಲು ಉಳಿಯಿತು, ಅದರಲ್ಲಿ ಬಲ ಉಳಿಯಲಿಲ್ಲ. ದುಡಿಮೆ ಹೋಯಿತು, ಹೆಂಡತಿ ಮೀನು ಹೊತ್ತು ಮಾರಿ ಮನೆ ನಡೆಸುತ್ತಿದ್ದಳು. ಆ ಮನುಷ್ಯನಿಗೆ ತನ್ನದು ಎಂದು ಹೇಳಿಕೊಳ್ಳಲು ಉಳಿದದ್ದು ಆ ಮೂರು ಗೋಲು. ಪ್ರತಿ ಪಂದ್ಯಕ್ಕೂ ಮುಂಚೆ ಹುಡುಗರು ಬಂದು ಅವನ ಪಾದ ಮುಟ್ಟುತ್ತಿದ್ದರು, ಆಗ ಅವನ ಮುಖ ನೋಡಬೇಕಿತ್ತು.

ಮೊದಲರ್ಧದಲ್ಲಿ ಕಿರುಕೋಡಿ ಒಂದು ಗೋಲು ಹೊಡೆಯಿತು. ನಮ್ಮ ಹುಡುಗರು ಕೆಟ್ಟದಾಗೇನೂ ಆಡಲಿಲ್ಲ. ಆದರೆ ಚೆಂಡು ಕಾಲಿಗೆ ಬಂದಾಗಲೆಲ್ಲ ಒಮ್ಮೆ ಸ್ಟೇಜಿನ ಮೇಲಿದ್ದ ನನ್ನ ಮೈಕಿನ ಮೇಜಿನ ಕಡೆ ನೋಡುತ್ತಿದ್ದರು, ನಾನು ಏನು ಹೇಳುತ್ತೇನೋ ಎಂದು. ಆ ನೋಟ ನನಗೆ ಅವತ್ತು ಮೊದಲ ಸಲ ಕಂಡಿತು. ಜಿತೇಂದ್ರ ಒಂದು ಚೆಂಡನ್ನು ಕಂಬದ ಮೇಲೆ ಹಾರಿಸಿದ. ಜನ ನನ್ನ ಮಾತಿಗೆ ಕಾದರು. ಮೈಕು ಕೆಟ್ಟಿತಾ ಎಂದು ಯಾರೋ ಕೂಗಿದರು.

ವಿರಾಮದಲ್ಲಿ ಹುಡುಗರು ಐತನ ಕುರ್ಚಿಯ ಸುತ್ತ ನಿಂತರು. ಮೇಜಿನಿಂದ ಹತ್ತು ಹೆಜ್ಜೆ. ಕೀರ್ತನ್ ಹೇಳುತ್ತಿದ್ದುದು ನನಗೆ ಸ್ಪಷ್ಟವಾಗಿ ಕೇಳಿಸುತ್ತಿತ್ತು. ಇನ್ನು ತೊಂಬತ್ತೇಳರ ಆಟ, ಹಿಂದೆ ಯಾರೂ ಬೇಡ, ಎಲ್ಲರೂ ಮುಂದೆ. ರಾಜೇಂದ್ರ ಅವನ ಬೆನ್ನು ತಟ್ಟಿದ. ಕಿರುಕೋಡಿಯಲ್ಲಿ ಓಡುವ ಹುಡುಗರು ಮೂವರು ಇದ್ದರು, ಮೊದಲರ್ಧದಲ್ಲಿ ಅವರನ್ನು ತಡೆದದ್ದೇ ಕೀರ್ತನ್. ಅವನು ಮುಂದೆ ಹೋದರೆ ನಾಲ್ಕೈದು ಗೋಲು ಬೀಳುವುದು ನನಗೆ ಖಂಡಿತವಾಗಿ ಕಾಣುತ್ತಿತ್ತು. ಊರೆಲ್ಲ ಸೇರಿ ಆ ಹುಡುಗರನ್ನು ನಗೆಪಾಟಲು ಮಾಡುತ್ತಿತ್ತು, ಅಲ್ಲಿಗೆ ಅವರ ಆಟ ಮುಗಿಯುತ್ತಿತ್ತು. ಆ ಮಾತನ್ನು ಅವನ ತಲೆಗೆ ತುಂಬಿದವನು ನಾನು.

ಎದ್ದು ಹೋದೆ. ಐತನ ಮುಖ ನೋಡಿದರೆ ಹೇಳಲಾಗುವುದಿಲ್ಲ ಎಂದು ಕೀರ್ತನ್‌ನನ್ನೇ ನೋಡುತ್ತ ಹೇಳಿದೆ.

"ಹಂಗ್ ಆಡ್ಬೇಡ. ಆವತ್ತ್ ಎದ್ರಿಗ್ ಇದ್ದದ್ದ್ ಏಳೇ ಜನ. ನಾಲ್ಕ್ ಜನ ರಂಪಣಿ ಎಳುಕ್ ಓಡಿರ್. ಹಂಗಾಯಿ ಹಿಂದೆ ಯಾರೂ ಬೇಕಾಯ್ಲ."

ಹುಡುಗರು ಪರಸ್ಪರ ಮುಖ ನೋಡಿಕೊಂಡರು. ರಾಜೇಂದ್ರನಿಗೆ ಎಲ್ಲಿಲ್ಲದ ಸಿಟ್ಟು ಬಂತು. ಆರು ವರ್ಷ ಗೆರೆಯ ಹೊರಗೆ ಕೂತವನ ಹೊಟ್ಟೆಕಿಚ್ಚು ಇದು, ಆಡಿದವರ ಹೆಸರು ಕೆಡಿಸಲು ಫೈನಲ್ ದಿನವೇ ಸಿಕ್ಕಿತಾ ಎಂದ. ಆ ಮಾತು ನನಗೆ ಚುಚ್ಚಬೇಕಾದ ಕಡೆಯೇ ಚುಚ್ಚಿತು. ಕೀರ್ತನ್ ನನ್ನನ್ನೂ ನೋಡಲಿಲ್ಲ, ರಾಜೇಂದ್ರನನ್ನೂ ನೋಡಲಿಲ್ಲ. ಬಗ್ಗಿ ಐತನನ್ನು ಕೇಳಿದ.

"ಹೌದಾ ಐತಣ್ಣ?"

ಐತ ಕೊಡೆ ಮಡಚಿದ. ಮಡಚಿ ತೊಡೆಯ ಮೇಲಿಟ್ಟುಕೊಂಡ. ಅವನು ಇಲ್ಲ ಎಂದಿದ್ದರೆ ನನ್ನ ಮಾತಿಗೆ ಮೂರು ಕಾಸಿನ ಬೆಲೆ ಇರುತ್ತಿರಲಿಲ್ಲ. ಇಲ್ಲ ಎನ್ನಲಿ ಎಂದು ನನ್ನ ಒಳಗಿನ ಒಬ್ಬ ಬಯಸಿದ್ದೂ ಹೌದು.

"ಹೌದ್ ಮಗಾ. ನಂಗ್ ಅಡ್ಡ ಬಪ್ಪವ್ರೇ ಯಾರೂ ಇರ್ಲಿಲ್ಲೆ. ನೀ ಹಿಂದೆಯೇ ನಿಲ್ಲ್."

ಅಷ್ಟು ಹೇಳಿ ಸಮುದ್ರದ ಕಡೆ ತಿರುಗಿದ. ಕಣ್ಣಲ್ಲಿ ನೀರಿತ್ತು, ಒರೆಸಿಕೊಳ್ಳಲಿಲ್ಲ. ಅವನು ಇದ್ದದ್ದನ್ನೆಲ್ಲ ಕೊಟ್ಟಿದ್ದ. ನಾನು ಕೊಟ್ಟದ್ದು ಅರ್ಧ. ಬೈರಾಸಿನ ಮಾತನ್ನು ನನ್ನಲ್ಲೇ ಇಟ್ಟುಕೊಂಡು ಮೇಜಿಗೆ ಬಂದೆ.

ಎರಡನೆಯ ಅರ್ಧದಲ್ಲಿ ಕೀರ್ತನ್ ಹಿಂದೆ ನಿಂತ. ಕಿರುಕೋಡಿಯ ಓಟಗಾರರು ಮತ್ತೆ ಮತ್ತೆ ಬಂದರು, ಅವನು ಮತ್ತೆ ಮತ್ತೆ ಚೆಂಡು ಕಿತ್ತು ಕೊಟ್ಟ. ಐವತ್ತೈದನೆಯ ನಿಮಿಷಕ್ಕೆ ಅವನೇ ಕೊಟ್ಟ ಉದ್ದನೆಯ ಚೆಂಡಿಗೆ ಜಿತೇಂದ್ರ ತಲೆ ಕೊಟ್ಟ. ಒಂದು-ಒಂದು. ನಮ್ಮ ಕಡೆಯ ಜನ ಎದ್ದು ಕುಣಿದರು. ನಾನು ಮೈಕಿನಲ್ಲಿ ಗೋಲು ಹೊಡೆದವನ ಹೆಸರನ್ನು ಮಾತ್ರ ಹೇಳಿದೆ, ಬೇರೆ ಯಾರ ಹೆಸರನ್ನೂ ಅದರ ಜೊತೆ ಸೇರಿಸಲಿಲ್ಲ. ಕೊನೆಯ ಹತ್ತು ನಿಮಿಷ ರಾಜೇಂದ್ರ ಗೆರೆಯ ಉದ್ದಕ್ಕೂ ಓಡಾಡುತ್ತ, ಮುಂದೆ ಹೋಗಿ, ಎಲ್ಲರೂ ಮುಂದೆ ಹೋಗಿ ಎಂದು ಕೂಗಿದ. ಕೀರ್ತನ್ ಕದಲಲಿಲ್ಲ.

ಪೆನಾಲ್ಟಿಗೆ ಹೋಯಿತು. ಎರಡೂ ಕಡೆ ನಾಲ್ಕು ನಾಲ್ಕು ಗೋಲಾದವು. ನಮ್ಮ ಐದನೆಯದು ಜಿತೇಂದ್ರನದು. ಚೆಂಡು ಕಂಬಕ್ಕೆ ಬಡಿದು ವಾಪಸು ಬಂತು. ಅವರ ಐದನೆಯದು ಒಳಗೆ ಹೋಯಿತು. ಜಿತೇಂದ್ರ ಮರಳಲ್ಲಿ ಮುಖ ಹುಗಿದು ಮಲಗಿಬಿಟ್ಟ, ಕೀರ್ತನ್ ಹೋಗಿ ಅವನನ್ನು ಎತ್ತಿ ನಿಲ್ಲಿಸಿದ.

ಕಿರುಕೋಡಿಯ ನಾಯಕನಿಗೆ ಕಪ್ ಕೊಟ್ಟಾದ ಮೇಲೆ ರಾಜೇಂದ್ರ ನನ್ನ ಕೈಯಿಂದ ಮೈಕು ತೆಗೆದುಕೊಂಡ. ನಮ್ಮ ಹುಡುಗರನ್ನು ಸ್ಟೇಜಿನ ಎದುರು ನಿಲ್ಲಿಸಿದ. ತೊಂಬತ್ತೇಳರವರು ಎರಡು ಗೋಲು ಹಿಂದಿದ್ದೂ ಎದೆಗೊಟ್ಟು ನುಗ್ಗಿದರು, ಇವರು ಸಮ ಇದ್ದೂ ಹೆದರಿ ಹಿಂದೆ ನಿಂತರು ಎಂದ. ಹೆದರಿದ್ದು ನಾಯಕ ಎಂದ. ಕೀರ್ತನ್‌ನ ಹೆಸರು ಹಿಡಿದೇ ಹೇಳಿದ. ಬರುವ ವರ್ಷ ಈ ಹನ್ನೊಂದರಲ್ಲಿ ಒಬ್ಬನೂ ಕ್ಲಬ್ಬಿನ ಅಂಗಿ ಹಾಕುವುದಿಲ್ಲ ಎಂದ. ನನ್ನ ಅಕ್ಕ ಗುಂಪಿನ ಮಧ್ಯೆ ನಿಂತಿದ್ದಳು. ಕೀರ್ತನ್ ಬಾಯಿ ಬಿಟ್ಟು, ನನಗೆ ಹಿಂದೆ ನಿಲ್ಲಲು ಹೇಳಿದ್ದು ಚಂದಯ್ಯ ಮಾಮ ಎನ್ನಬಹುದಿತ್ತು. ಅನ್ನಲಿಲ್ಲ. ತಲೆ ತಗ್ಗಿಸಿ ನಿಂತಿದ್ದ.

ನಾನು ಮೈಕು ಕಿತ್ತುಕೊಂಡೆ. ನಿಜವಾಗಿಯೂ ಕಿತ್ತುಕೊಂಡೆ, ರಾಜೇಂದ್ರನ ಬೆರಳು ಬಿಡಿಸಿ. ತೊಂಬತ್ತೇಳರಲ್ಲಿ ಎದುರಿಗೆ ಏಳು ಜನ ಇದ್ದರೆಂದು ಊರಿಗೆಲ್ಲ ಕೇಳುವ ಹಾಗೆ ಹೇಳಿದೆ. ಇಷ್ಟು ವರ್ಷ ಅದನ್ನು ಕಥೆಯಿಂದ ಕಿತ್ತು ಹಾಕಿದವನು ನಾನೇ ಎಂದೆ. ಗುಂಪಿನಲ್ಲಿ ಗುಜುಗುಜು ಎದ್ದಿತು. ರಾಜೇಂದ್ರ ಮೈಕಿಲ್ಲದೆಯೇ ಕೂಗಿದ.

"ಅವ್ರ್ ಮೀನಿನ್ ಆಸೆಗ್ ಆಟ ಬಿಟ್ಟ್ ಓಡಿರೆ ಅದ್ ನಮ್ ತಪ್ಪಾ?"

ನಮ್ಮವರು ನಕ್ಕರು. ಕಿರುಕೋಡಿಯವರ ಕೈಯಲ್ಲಿ ಆಗತಾನೆ ಗೆದ್ದ ಕಪ್ ಇತ್ತು. ಆದರೂ ಅವರಲ್ಲಿ ವಯಸ್ಸಾದವರ ತಲೆ ಒಂದೊಂದಾಗಿ ಕೆಳಗಾಯಿತು. ಗೆದ್ದ ದಿನವೂ ಅವರು ತಲೆ ಎತ್ತದಂತೆ ಮಾಡಿದ್ದು ನಾನು. ಅದನ್ನು ನೋಡಿ ನನಗೆ ತಡೆಯಲಾಗಲಿಲ್ಲ.

"ಮೀನೇ ಇರ್ಲಿಲ್ಲೆ," ಎಂದೆ. "ಬೈರಾಸ್ ಬೀಸದ್ದ್ ನಾನ್. ಮೋಡದ್ ನೆರ್ಳ್ ಅಂತ ನಂಗ್ ಗೊತ್ತಿತ್ತ್. ಮೂರ್ ತೆರೆ ಎಣ್ಸದೆ ಬೀಸ್ದೆ. ನಾವ್ ಸೋಲ್ತ್ ಅಂತ ಬೀಸ್ದೆ."

ಮೈಕು ನನ್ನ ಉಸಿರಾಟವನ್ನೂ ದೊಡ್ಡದು ಮಾಡಿ ಕೇಳಿಸುತ್ತಿತ್ತು. ಮೀನುಗಾರರ ಊರಲ್ಲಿ ಸುಳ್ಳು ಬೈರಾಸು ಬೀಸಿದವನಿಗೆ ಹೆಸರೇ ಇಲ್ಲ, ಅಂಥವನು ಇರಬಹುದೆಂದು ಯಾರೂ ಎಣಿಸಿರುವುದಿಲ್ಲ. ಅಕ್ಕ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ರಾಜೇಂದ್ರ ನನ್ನನ್ನು ಹೊಸಬನನ್ನು ನೋಡುವ ಹಾಗೆ ನೋಡಿದ. ಆಮೇಲೆ ಸ್ಟೇಜಿನಿಂದ ಇಳಿದು ಹೋದ.

ಆಗ ಐತ ಕುರ್ಚಿಯ ಕೈ ಹಿಡಿದು ಎದ್ದು ನಿಂತ. ಯಾರ ಸಹಾಯವನ್ನೂ ಕೇಳಲಿಲ್ಲ. ನನ್ನ ಕಡೆ ಒಮ್ಮೆಯೂ ನೋಡಲಿಲ್ಲ. ಜಿತೇಂದ್ರನ ಹೆಗಲ ಮೇಲೆ ಕೈ ಇಟ್ಟು ಎಲ್ಲರಿಗೂ ಕೇಳುವಂತೆ ಹೇಳಿದ.

"ಈ ಗಂಡ್ ಹನ್ನೊಂದ್ ಜನರ್ ಎದ್ರ್ ಒಂದ್ ಗೋಲ್ ಹೊಡ್ದ. ನಾ ಒಂದೂ ಹೊಡಿಲ. ಬಪ್ಪ ವರ್ಷ ಈ ಮಕ್ಳೇ ಆಡ್ಕ್."

ತೊಂಬತ್ತೇಳರ ಪದ್ದು ಗುಂಪಿನಲ್ಲೇ ಇದ್ದ. ಅವನು ಹೌದು ಎಂದ. ಅದೇ ತಂಡದ ಗುಡ್ಡನೂ ಹೌದು ಎಂದ. ಫೋಟೊದಲ್ಲಿದ್ದವರು ಒಬ್ಬೊಬ್ಬರೇ ಬಂದು ಹುಡುಗರ ಪಕ್ಕ ನಿಂತರು. ಹುಡುಗರು ಉಳಿದರು. ನನಗೆ ಅಷ್ಟು ಸಾಕಿತ್ತು. ಮೈಕು ಮೇಜಿನ ಮೇಲಿಟ್ಟು, ಹೊಡೆತ ಬೀಳುವ ಮುಂಚೆ ಮನೆ ಸೇರೋಣ ಎಂದು ಸ್ಟೇಜಿನಿಂದ ಇಳಿಯಹೊರಟೆ. ಮೆಟ್ಟಿಲಲ್ಲಿ ಮುತ್ತ ನಿಂತಿದ್ದ.

ಅವನು ಮೇಲೆ ಬಂದದ್ದು ನೋಡಿ ಕೀರ್ತನ್ ಓಡಿಬಂದು ನಮ್ಮಿಬ್ಬರ ನಡುವೆ ನಿಂತ. ಹೊಡೆಯಲಿ ಬಿಡು ಎಂದೆ. ಮನಸಾರೆ ಹೇಳಿದ ಮಾತು ಅದು, ಹೊಡೆದಿದ್ದರೆ ನನಗೆ ಹಗುರಾಗುತ್ತಿತ್ತು. ಮುತ್ತ ಹೊಡೆಯಲಿಲ್ಲ. ಕೀರ್ತನ್‌ನನ್ನು ಮೆತ್ತಗೆ ಪಕ್ಕಕ್ಕೆ ಸರಿಸಿದ. ಅವನ ದನಿ ಎಷ್ಟು ಸಣ್ಣದಿತ್ತೆಂದರೆ ನಾನು ಕಿವಿ ಹತ್ತಿರ ತರಬೇಕಾಯಿತು.

"ಆ ದಿನ ಆದ್ ಮೇಲೆ ನಮ್ಮಪ್ಪಯ್ಯ ಬಲೆ ಮುಟ್ಲ. ಬಲೆ ತಡ ಹಾಕಿ ಮೀನ್ ಬಿಟ್ಟವ್ರ್ ಅಂತ ಊರಿಡೀ ಹೇಳಿರ್. ಅವ್ರೂ ಹಾಂಗೇ ಅಂತ ನಂಬಿರ್. ಸಾಯು ದಿನ ನನ್ ಕೈ ಹಿಡ್ಕಂಡ್ ಕೇಂಡ್ರ್, ಮಗಾ, ನಾ ತಡ ಮಾಡಿದ್ನಾ ಅಂತ."

ಹೊಳೆಯ ಕಡೆ ತಿರುಗಿ ಹೇಳಿದ.

"ನಾ ಹೌದ್ ಅಂದೆ."

ನನಗೆ ಅವನ ಕಾಲು ಹಿಡಿಯಬೇಕೆನಿಸಿತು. ನಾನು ಬೀಸಿದ ಒಂದು ಬೈರಾಸಿನಿಂದ ಒಬ್ಬ ಮಗ ಸಾಯುವ ಅಪ್ಪನಿಗೆ ಹಾಗೆ ಹೇಳಿದ್ದ. ನಾನು ಮೂರು ಗೋಲಿನ ಲೆಕ್ಕವನ್ನಷ್ಟೇ ಮನಸ್ಸಲ್ಲಿ ಇಟ್ಟುಕೊಂಡು ಇಷ್ಟು ವರ್ಷ ಕೊರಗಿದ್ದೆ. ಇದು ನನ್ನ ಲೆಕ್ಕದಲ್ಲೇ ಇರಲಿಲ್ಲ.

ಮುತ್ತ ಮೇಜಿನ ಮೇಲಿದ್ದ ಮೈಕು ತೆಗೆದು ನನ್ನ ಕೈಗೆ ಕೊಟ್ಟ. ಕಿರುಕೋಡಿಯವರು ಆಗಲೇ ದೋಣಿಯ ಕಡೆ ಹೊರಟಿದ್ದರು. ಅವರನ್ನು ತೋರಿಸಿದ.

"ಅಪ್ಪಯ್ಯನ್ ಹೆಸ್ರ್ ಹೇಳಿ ಹೇಳ್. ಅವ್ರಿಗೆಲ್ಲ ಕೇಂಬ್ಹಾಂಗ್ ಹೇಳ್."

ಕಿರುಕೋಡಿಯ ಬಚ್ಚ ತಂಡೇಲರು ಮೀನು ಬಿಡಲಿಲ್ಲ, ಅವರು ಬಲೆ ಹಾಕಿದ್ದು ಸರಿಯಾದ ಹೊತ್ತಿಗೇ, ಸಮುದ್ರದಲ್ಲಿ ಅವತ್ತು ಮೀನೇ ಇರಲಿಲ್ಲ ಎಂದು ಹೇಳಿದೆ. ದೋಣಿಗೆ ಹೋಗುತ್ತಿದ್ದವರು ನಿಂತರು. ಮುತ್ತ ಸ್ಟೇಜಿನ ಮೆಟ್ಟಿಲ ಮೇಲೆ ಕೂತು ಎರಡೂ ಕೈಯಿಂದ ಮುಖ ಮುಚ್ಚಿಕೊಂಡ. ಇನ್ನೊಂದು ಸಲ ಎಂದ. ನಾನು ಇನ್ನೊಂದು ಸಲ ಹೇಳಿದೆ. ಅವನು ಸಾಕು ಎನ್ನಲಿಲ್ಲ, ನಾನು ನಿಲ್ಲಿಸಲಿಲ್ಲ.